ನೀರಿನ ಮಟ್ಟ, ನೀರಿನ ಅಂಚು

ಜೂನ್ ತಿಂಗಳು ಬಂತೆಂದರೆ ಕನ್ನಡ ಪತ್ರಿಕೆಗಳಲ್ಲಿ ಜಲಾಶಯಗಳ ಮಟ್ಟವನ್ನು ಹೇಳುವ ಪುಟ್ಟ ಕೋಷ್ಟಕವೊಂದು ಕಾಣಿಸಿಕೊಳ್ಳುತ್ತದೆ. ಕೃಷ್ಣರಾಜಸಾಗರಕ್ಕೆ 124.80 ಅಡಿ, ಭದ್ರಾಕ್ಕೆ 186 ಅಡಿ, ತುಂಗಭದ್ರಾಕ್ಕೆ 1633 ಅಡಿ, ಲಿಂಗನಮಕ್ಕಿಗೆ 1819 ಅಡಿ. ಆಲಮಟ್ಟಿಗೆ ಮಾತ್ರ ಮೀಟರಿನ ಲೆಕ್ಕ, 519.60. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು ಎಂಬ ಆ ಕೋಷ್ಟಕವನ್ನು ಓದುವ ಅಭ್ಯಾಸ ಇಂಗ್ಲೆಂಡಿನ ನಡುನಾಡಿಗೆ ಬಂದು ನೆಲೆಸಿದ ಮೇಲೂ ನನ್ನನ್ನು ಬಿಟ್ಟಿಲ್ಲ. ಕಾವೇರಿ ಬಯಲಿನಲ್ಲಿ ಬೆಳೆದ ಯಾರನ್ನೂ ಅದು ಬಿಡಲಾರದು ಎಂದೇ ನನ್ನ ಎಣಿಕೆ. ಹೀಗಿರುವ ನಾನು ಇಲ್ಲಿನ ರಟ್‌ಲೆಂಡ್ ವಾಟರ್ ಎಂಬ ಜಲಾಶಯದ ಸುತ್ತ ಹಕ್ಕಿ ನೋಡುತ್ತ ನಡೆಯತೊಡಗಿದಾಗ ಮೊದಲು ಬೆರಗಾದದ್ದು ಹಕ್ಕಿಗಳನ್ನು ಕಂಡಲ್ಲ, ಹಕ್ಕಿ ನೋಡುವವರ ಮಾತು ಕೇಳಿ. ಜಲಾಶಯದಲ್ಲಿ ಎಷ್ಟು ಅಡಿ ನೀರಿದೆ ಎಂಬುದು ಅವರಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವರು ಹೇಳುತ್ತಿದ್ದುದು ಕೆಸರಿನ ಲೆಕ್ಕ: ಯಾವ ಕೊಲ್ಲಿಯಲ್ಲಿ ನೀರು ಎಷ್ಟು ಹಿಂದೆ ಸರಿದಿದೆ, ಹೋದ ವಾರ ಮುಳುಗಿದ್ದ ಯಾವ ದಿಬ್ಬ ಈ ವಾರ ತಲೆಯೆತ್ತಿದೆ, ಯಾವ ಕಡೆಯ ಕೆಸರು ಆಗಲೇ ಒಣಗಿ ಬಿರುಕು ಬಿಟ್ಟು ನಿರುಪಯೋಗಿಯಾಗಿದೆ.

ನಾವು ಜಲಾಶಯವನ್ನು ಅದರ ಮಟ್ಟದಿಂದ ಅಳೆಯುತ್ತೇವೆ; ಇಲ್ಲಿ ಹಕ್ಕಿ ನೋಡುವವರು ಅದರ ಅಂಚಿನಿಂದ ಅಳೆಯುತ್ತಾರೆ. ಎರಡೂ ಅವರವರ ಬದುಕಿನಿಂದ ಹುಟ್ಟಿದ ರೂಢಿಗಳೇ ಆದರೂ, ನಮ್ಮ ನೀರಿನ ಮೇಲಿನ ನಮ್ಮ ನೋಟದಲ್ಲಿ ಅಂಚಿಗೆ ಇರುವ ಜಾಗ ತೀರ ಕಡಿಮೆ ಎಂದು ನನಗೆ ಅನ್ನಿಸುತ್ತದೆ. ಅದರ ನಷ್ಟವನ್ನು ಹಕ್ಕಿಗಳು ಈಗಾಗಲೇ ಅನುಭವಿಸುತ್ತಿವೆ.

ರಟ್‌ಲೆಂಡ್ ವಾಟರನ್ನು ಗ್ವಾಶ್ ಎಂಬ ಸಣ್ಣ ಹೊಳೆಗೆ ಎಂಪಿಂಗ್‌ಹ್ಯಾಮ್ ಹಳ್ಳಿಯ ಬಳಿ ಮಣ್ಣಿನ ಅಣೆಕಟ್ಟು ಹಾಕಿ 1970ರ ದಶಕದಲ್ಲಿ ನಿರ್ಮಿಸಿದರು. ವಿಸ್ತಾರದಲ್ಲಿ ಇದು ಇಂಗ್ಲೆಂಡಿನ ದೊಡ್ಡ ಜಲಾಶಯಗಳಲ್ಲಿ ಒಂದು. ಕನ್ನಂಬಾಡಿಯ ಹಿನ್ನೀರನ್ನು ಕಂಡವರ ಕಣ್ಣಿಗೆ ಮಾತ್ರ ಒಂದು ಭಾರಿ ಕೆರೆ. ನಡುವೆ ಹ್ಯಾಂಬಲ್ಟನ್ ಎಂಬ ನೆಲದ ಚಾಚು, ಅದರ ಎರಡೂ ಬದಿಗೆ ಕವಲಾಗಿ ಪಶ್ಚಿಮಕ್ಕೆ ಹೋಗುವ ನೀರು, ಇಡೀ ಸುತ್ತಿಗೆ ಸುಮಾರು 37 ಕಿಲೋಮೀಟರಿನ ಹಾದಿ. ಗ್ವಾಶ್ ಹೊಳೆಯೊಂದರಿಂದಲೇ ಇಷ್ಟು ದೊಡ್ಡ ಹರವು ತುಂಬುವುದಿಲ್ಲವಾದ್ದರಿಂದ ವೆಲ್ಯಾಂಡ್ ಮತ್ತು ನೀನ್ ನದಿಗಳ ನೀರನ್ನು ಪಂಪು ಮಾಡಿ ಇಲ್ಲಿಗೆ ತರುತ್ತಾರೆ. ನದಿಗಳು ಮೈದುಂಬಿಕೊಳ್ಳುವ ಚಳಿಗಾಲದಲ್ಲಿ ಜಲಾಶಯವನ್ನು ತುಂಬಿಸಿಕೊಂಡು, ಮಳೆ ಕಡಿಮೆಯಾಗಿ ಬಳಕೆ ಹೆಚ್ಚುವ ಬೇಸಿಗೆಯಲ್ಲಿ ಖರ್ಚು ಮಾಡುವುದು ಇಲ್ಲಿನ ಕ್ರಮ. ಹೀಗಾಗಿ ನಮ್ಮಲ್ಲಿ ಉತ್ತರೆ ಮಳೆ ಹಿಡಿಯುವ ಹೊತ್ತಿಗೆ ಇಲ್ಲಿನ ಜಲಾಶಯ ವರ್ಷದ ಕೆಳಮಟ್ಟದ ಹತ್ತಿರದಲ್ಲಿರುತ್ತದೆ. ನಮ್ಮದು ತುಂಬುವ ಕಾಲ, ಇವರದು ಬರಿದಾಗುವ ಕಾಲ. ಉತ್ತರದಿಂದ ಹೊರಟ ವಲಸೆ ಹಕ್ಕಿಗಳು ಎರಡೂ ಕಡೆಗೆ ಬಂದಿಳಿಯುವುದು ಮಾತ್ರ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ.

ಸೆಪ್ಟೆಂಬರ್ ಮೊದಲ ವಾರಗಳ ಬೆಳಗಿನಲ್ಲಿ ಈಗಲ್ಟನ್ ಕಡೆಯಿಂದ ನಡೆದರೆ, ಹಾದಿಯ ಬದಿಯ ವಿಲೋ ಮರಗಳಲ್ಲಿ ಎಲೆ ಇನ್ನೂ ಹಸಿರಾಗಿಯೇ ಇರುತ್ತದೆ, ಆದರೆ ಬೇಸಿಗೆಯ ಹಾಡು ನಿಂತುಹೋಗಿರುತ್ತದೆ. ರಾಬಿನ್ ಒಂದು ಮಾತ್ರ ತನ್ನ ಚಳಿಗಾಲದ ಗಡಿಯನ್ನು ಸಾರುತ್ತ ಸಣ್ಣ ದನಿಯಲ್ಲಿ ಹಾಡುತ್ತದೆ. ಕವಲುತೋಕೆಗಳು ತಂತಿಬೇಲಿಯ ಮೇಲೆ ಸಾಲಾಗಿ ಕುಳಿತು ಆಫ್ರಿಕದ ದಕ್ಷಿಣದ ತನಕದ ಹಾರಾಟಕ್ಕೆ ಅಣಿಯಾಗುತ್ತಿರುತ್ತವೆ. ನೀರಿನ ಮೇಲೆ ನಾಮದ ಕೋಳಿಗಳ ದಟ್ಟ ಗುಂಪು. ಜುಟ್ಟಿನ ಗುಳುಮುಳಕದ ಮರಿಗಳ ಮುಖದ ಮೇಲೆ ಕಪ್ಪು ಬಿಳಿ ಗೆರೆಗಳು ಇನ್ನೂ ಮಾಸಿರುವುದಿಲ್ಲ. ಬಾತುಗಳನ್ನು ಮೊದಲ ಬಾರಿ ನೋಡುವವರಿಗೆ ಇದು ಕಷ್ಟದ ತಿಂಗಳು. ಗಂಡು ಬಾತುಗಳು ಸಂತಾನದ ಕಾಲ ಮುಗಿದ ಮೇಲೆ ಹೊಳೆಯುವ ಗರಿಗಳನ್ನು ಉದುರಿಸಿ ಹೆಣ್ಣುಗಳಂತೆಯೇ ಮಾಸಲು ಕಂದು ಬಣ್ಣಕ್ಕೆ ತಿರುಗಿರುವುದರಿಂದ, ಕೊಕ್ಕಿನ ಆಕಾರ, ರೆಕ್ಕೆಯ ಮೇಲಿನ ಪಟ್ಟಿ ಮತ್ತು ಹಾರುವ ರೀತಿಯನ್ನು ಬಿಟ್ಟರೆ ಗುರುತಿಗೆ ಬೇರೆ ಆಧಾರ ಸಿಗುವುದಿಲ್ಲ.

ಆದರೆ ಜನ ಈ ತಿಂಗಳಲ್ಲಿ ಇಲ್ಲಿಗೆ ಬರುವುದು ಬಾತುಗಳಿಗಾಗಿ ಅಲ್ಲ, ಕೆಸರಿನ ಅಂಚಿನಲ್ಲಿ ಓಡಾಡುವ ಗೊರವಗಳಿಗಾಗಿ. ಹಸಿರು ಗದ್ದೆಗೊರವ, ಸಾಮಾನ್ಯ ಗದ್ದೆಗೊರವ, ಹಸಿರುಗಾಲಿನ ಗೊರವ, ರಫ್, ಕರಿಬಾಲದ ಗಾಡ್‌ವಿಟ್, ಅದೃಷ್ಟವಿದ್ದರೆ ಕಿರು ಸ್ಟಿಂಟ್: ಉತ್ತರ ಯುರೋಪಿನ ಜವುಗಿನಲ್ಲೂ ಆರ್ಕ್ಟಿಕ್ ಅಂಚಿನ ಬಯಲುಗಳಲ್ಲೂ ಮರಿ ಮಾಡಿ ದಕ್ಷಿಣಕ್ಕೆ ಹೊರಟವು ಇವು. ಬೆಳೆದ ಹಕ್ಕಿಗಳು ಜುಲೈ, ಆಗಸ್ಟ್ ತಿಂಗಳಲ್ಲೇ ಮುಂದೆ ಹೋಗಿರುತ್ತವೆ. ಸೆಪ್ಟೆಂಬರಿನಲ್ಲಿ ಬರುವವುಗಳಲ್ಲಿ ಹೆಚ್ಚಿನವು ಅದೇ ವರ್ಷ ಹುಟ್ಟಿದ ಮರಿಗಳು. ಅವುಗಳ ಬೆನ್ನ ಗರಿಗಳು ಹೊಸದಾಗಿದ್ದು, ಪ್ರತಿಯೊಂದಕ್ಕೂ ತೆಳುಬಣ್ಣದ ಅಂಚಿರುವುದರಿಂದ ಇಡೀ ಮೈ ಹುರುಪೆಗಳನ್ನು ಜೋಡಿಸಿದಂತೆ ಅಚ್ಚುಕಟ್ಟಾಗಿ ಕಾಣುತ್ತದೆ. ಇಪ್ಪತ್ತು ಮೂವತ್ತು ಗ್ರಾಂ ತೂಕದ ಸ್ಟಿಂಟ್ ಮರಿಯೊಂದು, ತಾನು ಎಂದೂ ಕಾಣದ ನಾಡಿಗೆ, ದಾರಿ ತೋರಿಸುವ ತಂದೆತಾಯಿಗಳಿಲ್ಲದೆ, ಹೋಗುವ ಹಾದಿಯಲ್ಲಿ ಈ ಕೆಸರಿನ ಮೇಲೆ ಒಂದೆರಡು ದಿನ ನಿಂತು ಮೈಯಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಆ ಒಂದೆರಡು ದಿನಕ್ಕೆ ಅದಕ್ಕೆ ಬೇಕಾದದ್ದು ಆಳವಾದ ನೀರಲ್ಲ. ಕೊಕ್ಕು ಇಳಿಯುವಷ್ಟು ಮೆತ್ತಗಿರುವ, ಹುಳುಗಳಿರುವ, ನಾಲ್ಕು ಬೆರಳು ನೀರಿನ ಅಂಚು.

ಇದೇ ಜಾತಿಯ ಹಕ್ಕಿಗಳು ಬೇರೊಂದು ದಾರಿ ಹಿಡಿದು ನಮ್ಮಲ್ಲಿಗೂ ಬರುತ್ತವೆ. ಅಡವಿ ಗದ್ದೆಗೊರವವನ್ನೇ ನೋಡಿ. ನಮ್ಮ ಗದ್ದೆಗಳಲ್ಲಿ ನಾಟಿಯಾದ ಪೈರಿನ ನಡುವೆ ಬಾಲ ಕುಣಿಸುತ್ತ ನಡೆಯುವ, ಹತ್ತಿರ ಹೋದರೆ ಚೀ-ಚೀ-ಚೀ ಎಂದು ಕಿರುಚಿ ಏಳುವ ಈ ಹಕ್ಕಿಯನ್ನು ನಮ್ಮ ಕಡೆಯ ರೈತರು ಕಂಡರೂ ಕಾಣದಂತಿರುತ್ತಾರೆ, ಅಷ್ಟು ಸಾಮಾನ್ಯ. ರಟ್‌ಲೆಂಡಿನಲ್ಲಿ ಅದೊಂದು ಬಂದು ಇಳಿಯಿತೆಂದರೆ ಸುದ್ದಿ ಹರಡಿ, ಟೆಲಿಸ್ಕೋಪುಗಳು ಸಾಲಾಗಿ ಅದರ ಕಡೆಗೆ ತಿರುಗುತ್ತವೆ. ಬೆಳ್ಳಕ್ಕಿಯ ಕಥೆಯೂ ಇಂಥದೇ. ಸಣ್ಣ ಬೆಳ್ಳಕ್ಕಿ ಬ್ರಿಟನ್ನಿನಲ್ಲಿ ಮೊದಲು ಗೂಡು ಕಟ್ಟಿದ್ದು 1996ರಲ್ಲಿ, ದನಗಳ ಹಿಂದೆ ತಿರುಗುವ ಗೋವಕ್ಕಿ 2008ರಲ್ಲಿ, ದೊಡ್ಡ ಬೆಳ್ಳಕ್ಕಿ 2012ರಲ್ಲಿ. ನಮಗೆ ಹೊಲದ ಬದುವಿನಷ್ಟು ಪರಿಚಿತವಾದ ಹಕ್ಕಿಗಳ ಬರವು ಇವರ ದಾಖಲೆಗಳಲ್ಲಿ ಇಸವಿ ಸಮೇತ ಇದೆ ಎಂಬುದು ಮೊದಮೊದಲು ನನಗೆ ನಗು ತರಿಸುತ್ತಿತ್ತು. ಈಗ ನಗು ಬರುವುದಿಲ್ಲ, ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಮೀನು ಹಿಡಿಯುವ ಡೇಗೆಯ ಬಗ್ಗೆ ಎರಡು ಮಾತು ಹೇಳದೆ ರಟ್‌ಲೆಂಡನ್ನು ದಾಟಲಾಗದು. ಬೇಟೆ ಮತ್ತು ಮೊಟ್ಟೆ ಸಂಗ್ರಹಕಾರರ ಕಾಟದಿಂದ ಇಂಗ್ಲೆಂಡಿನಲ್ಲಿ ಗೂಡುಕಟ್ಟುವುದನ್ನೇ ನಿಲ್ಲಿಸಿದ್ದ ಈ ಹಕ್ಕಿಯ ಮರಿಗಳನ್ನು 1996ರಿಂದ ಸ್ಕಾಟ್ಲೆಂಡಿನಿಂದ ತಂದು ಇಲ್ಲಿ ಬಿಡತೊಡಗಿದರು. 2001ರಲ್ಲಿ ಇಲ್ಲಿಯೇ ಮರಿಗಳಾದವು. ಆಗಸ್ಟ್ ಕೊನೆಗೂ ಸೆಪ್ಟೆಂಬರ್ ಮೊದಲಿಗೂ ನಡುವೆ ಅವು ಒಂದೊಂದಾಗಿ ಪಶ್ಚಿಮ ಆಫ್ರಿಕಕ್ಕೆ ಹೊರಡುತ್ತವೆ, ಸಾಮಾನ್ಯವಾಗಿ ತಾಯಿ ಮೊದಲು. ಕಬಿನಿ ಹಿನ್ನೀರಿನ ಒಣಮರಗಳ ಮೇಲೆ ಚಳಿಗಾಲದಲ್ಲಿ ಕೂರುವ ಡೇಗೆಗಳು ಜಾತಿಯಲ್ಲಿ ಇವೇ ಆದರೂ ಇವುಗಳ ಬಳಗದವಲ್ಲ, ಏಷ್ಯದ ಉತ್ತರದಿಂದ ಬರುವವು.

ಈಗ ಜನರ ರೀತಿಗೆ ಬರುತ್ತೇನೆ. ಇಲ್ಲಿ ಹಕ್ಕಿಗಳಿಗೆಂದು ಮೀಸಲಿಟ್ಟ ಕಡೆ ನೀರಿನ ಅಂಚಿಗೆ ಯಾರೂ ಹೋಗುವುದಿಲ್ಲ. ಹೋಗಲು ಬಿಡುವುದೂ ಇಲ್ಲ. ಹಾದಿಯಿಂದ ಒಳಕ್ಕೆ, ಎರಡೂ ಬದಿಗೆ ಪೊದೆ ಅಥವಾ ಬಿದಿರಿನ ತಡಿಕೆ ಇಟ್ಟು ಮರೆಮಾಡಿದ ಓಣಿಯ ತುದಿಯಲ್ಲಿ, ಹೈಡ್ ಎಂದು ಕರೆಯುವ ಮರದ ಕೊಠಡಿಗಳಿವೆ. ಒಳಗೆ ಬೆಂಚುಗಳು, ಮುಂದೆ ಉದ್ದನೆಯ ಕಿಂಡಿಗಳು, ಕಿಂಡಿಯ ಕೆಳಗೆ ಮೊಣಕೈ ಊರಲು ಹಲಗೆ, ಬಾಗಿಲ ಬಳಿ ಕಂಡ ಹಕ್ಕಿಗಳನ್ನು ಬರೆದಿಡಲು ಪುಸ್ತಕ. ಬಂದವರು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು, ಇದ್ದವರಿಗೆ ತಲೆಯಲ್ಲೇ ನಮಸ್ಕಾರ ಹೇಳಿ, ಏನಾದರೂ ಬಂದಿದೆಯೇ ಎಂದು ಪಿಸುದನಿಯಲ್ಲಿ ಕೇಳುತ್ತಾರೆ. ಉತ್ತರವೂ ಪಿಸುದನಿಯಲ್ಲೇ, ದಿಕ್ಕು ಸಮೇತ ಬರುತ್ತದೆ: ಎಡಗಡೆಯ ದಿಬ್ಬ, ಮೂರನೆಯ ಗೂಟ, ಅದರ ಹಿಂದೆ. ಒಂದೇ ಬೆಂಚಿನ ಮೇಲೆ ಒಂದೂವರೆ ಗಂಟೆ ಪಕ್ಕಪಕ್ಕ ಕುಳಿತವರು ಪರಸ್ಪರ ಹೆಸರನ್ನೂ ಕೇಳದೆ ಎದ್ದು ಹೋಗುವುದು ಇಲ್ಲಿ ಬಿಗುಮಾನವಲ್ಲ, ಮರ್ಯಾದೆ. ತಮ್ಮ ಟೆಲಿಸ್ಕೋಪಿನಲ್ಲಿ ಹಕ್ಕಿಯನ್ನು ಹಿಡಿದು ನಿಲ್ಲಿಸಿ, ಅಪರಿಚಿತನಾದ ನನಗೆ ಜಾಗ ಬಿಟ್ಟುಕೊಟ್ಟು ನೋಡಿ ಎಂದವರು ಎಷ್ಟೋ ಮಂದಿ. ಯಾವ ಊರು, ಯಾವ ಕೆಲಸ ಎಂದು ಕೇಳಿದವರು ಇಲ್ಲವೆನ್ನುವಷ್ಟು ಕಡಿಮೆ.

ನಮ್ಮ ಕೆರೆಯ ಏರಿಯ ಮೇಲೆ ಇದು ನಡೆಯುವ ಮಾತಲ್ಲ. ಮುಕ್ಕಾಲಿಯ ಮೇಲೆ ಟೆಲಿಸ್ಕೋಪ್ ಇಟ್ಟು ನಿಂತರೆ ಐದು ನಿಮಿಷದಲ್ಲಿ ಯಾರಾದರೊಬ್ಬರು ಎಮ್ಮೆ ಹೊಡೆದುಕೊಂಡು ಬಂದು, “ಏನ್ ಸ್ವಾಮಿ, ಸರ್ವೆನಾ?” ಎಂದು ಕೇಳುತ್ತಾರೆ. ಜಮೀನು ಹೋಗುತ್ತದೋ ಏನೋ ಎಂಬ ಆತಂಕ ಆ ಪ್ರಶ್ನೆಯಲ್ಲಿ ಇದ್ದೇ ಇರುತ್ತದೆ. “ಇಲ್ಲ ಯಜಮಾನ್ರೆ, ಹಕ್ಕಿ ನೋಡ್ತಾ ಇದೀನಿ” ಎಂದರೆ ಮೊದಲು ನಗು, ಆಮೇಲೆ ಅವರೂ ಒಮ್ಮೆ ಕಣ್ಣಿಟ್ಟು ನೋಡುವುದು, ಆಮೇಲೆ ಮಾತು. ತೆಪ್ಪದಲ್ಲಿ ಬಲೆ ಬಿಡುವವರಿಗೆ, ದನ ಮೇಯಿಸುವವರಿಗೆ, ತೂಬು ನೋಡಿಕೊಳ್ಳುವ ನೀರುಗಂಟಿಗೆ ಆ ನೀರಿನ ಹಕ್ಕಿಗಳ ಬಗ್ಗೆ ತಿಳಿದಿರುವುದನ್ನು ಯಾವ ಹೈಡಿನ ಪುಸ್ತಕದಲ್ಲೂ ನಾನು ಓದಿಲ್ಲ: ಯಾವ ಹಕ್ಕಿ ಯಾವ ಮಳೆಗೆ ಬರುತ್ತದೆ, ರಾತ್ರಿ ಯಾವ ಮರಕ್ಕೆ ಹೋಗುತ್ತದೆ, ಯಾವ ವರ್ಷ ಬರಲಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಂತೂ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಣ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ, ಕೆಳಗೆ ಜನ ತಮ್ಮ ಪಾಡಿಗೆ ಓಡಾಡಿಕೊಂಡಿರುತ್ತಾರೆ. ಹಕ್ಕಿಯನ್ನು ಮನುಷ್ಯನ ಕಣ್ಣಿನಿಂದ ಮರೆಮಾಡಿ ಉಳಿಸಬೇಕು ಎಂಬ ಇಂಗ್ಲಿಷರ ಕಲ್ಪನೆಗೆ ಆ ಊರೇ ಉತ್ತರ.

ಈ ವ್ಯತ್ಯಾಸಕ್ಕೆ ಕಾರಣವನ್ನು ಜನರ ಸ್ವಭಾವದಲ್ಲಿ ಹುಡುಕುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್ 1ರಂದು ಬಾತುಗಳ ಬೇಟೆಯ ಕಾಲ ಕಾನೂನುಬದ್ಧವಾಗಿಯೇ ಆರಂಭವಾಗುತ್ತದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದ ಸಂಗತಿ. ರಕ್ಷಿತ ತಾಣಗಳ ಒಳಗೆ ಗುಂಡಿನ ಸದ್ದಿಲ್ಲವೆಂಬುದು ನಿಜ; ಆದರೆ ಹಾರುವ ಹಕ್ಕಿ ಆ ಗಡಿಯೊಳಗೇ ಉಳಿಯುವುದಿಲ್ಲ. ತಲೆಮಾರುಗಳ ಕಾಲ ಕೋವಿಯನ್ನು ಕಂಡ ಬಾತು ಮನುಷ್ಯನ ಆಕಾರವನ್ನು ದೂರದಿಂದಲೇ ಗುರುತಿಸಿ ಏಳುತ್ತದೆ, ಆದ್ದರಿಂದಲೇ ಮರೆ ಬೇಕಾಯಿತು ಎಂಬುದು ನನ್ನ ಊಹೆ. ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಇಂಥ ಬೇಟೆಗೆ ಈಗ ಅವಕಾಶವಿಲ್ಲ. ಕದ್ದು ಬಲೆ ಹಾಕುವವರು ಇಲ್ಲವೆಂದಲ್ಲ. ಆದರೂ ಬಟ್ಟೆ ಒಗೆಯುವ ಕಲ್ಲಿನಿಂದ ಹತ್ತು ಮಾರು ದೂರದಲ್ಲಿ ಮೆಟ್ಟುಗಾಲು ಹಕ್ಕಿ ನೆಮ್ಮದಿಯಿಂದ ಮೇಯುವ ನೋಟ ನಮಗೆ ಸಾಮಾನ್ಯ, ಇವರಿಗೆ ನಂಬಲು ಕಷ್ಟ. ಹೀಗಾಗಿ ನಮ್ಮ ಕೆರೆಗಳ ಸುತ್ತ ಹೈಡುಗಳನ್ನು ಕಟ್ಟಿಸಿ ಎಂದು ಯಾರಾದರೂ ಕೇಳಿದರೆ ನಾನು ಬೇಡವೆನ್ನುತ್ತೇನೆ. ಇವರಿಂದ ಪಡೆಯಬೇಕಾದದ್ದು ಆ ಕೊಠಡಿಯಲ್ಲ, ಅದರ ಕಿಂಡಿ ಯಾವ ಕಡೆಗೆ ತೆರೆದಿದೆ ಎಂಬ ವಿವೇಕ.

ಆ ಕಿಂಡಿ ಅಂಚಿನ ಕಡೆಗೆ ತೆರೆದಿದೆ. ನಮ್ಮ ಸೆಪ್ಟೆಂಬರಿನಲ್ಲಿ ಜಲಾಶಯಗಳಿಗೆ ಅಂಚೆಂಬುದೇ ಇರುವುದಿಲ್ಲ. ಮುಂಗಾರು ಕೈಕೊಡದ ವರ್ಷ ನೀರು ಕಾಡಿನ ಬುಡಕ್ಕೆ, ಹೊಲದ ಬದುವಿಗೆ ಮುಟ್ಟಿ ನಿಂತಿರುತ್ತದೆ. ಮುಖ್ಯಮಂತ್ರಿಗಳು ಬಾಗಿನ ಅರ್ಪಿಸುತ್ತಾರೆ, ಕ್ರಸ್ಟ್ ಗೇಟಿನಿಂದ ಧುಮ್ಮಿಕ್ಕುವ ನೀರನ್ನು ನೋಡಲು ಜನ ಕುಟುಂಬ ಸಮೇತ ಹೋಗುತ್ತಾರೆ. ಇದನ್ನು ಹಗುರವಾಗಿ ಕಾಣುವವನು ನಾನಲ್ಲ. ಮಟ್ಟ ನೂರು ಅಡಿಗೆ ಇಳಿದ ವರ್ಷ ನಾಲೆಗೆ ನೀರು ಬಿಡುವರೋ ಇಲ್ಲವೋ ಎಂದು ಊರೇ ಉಸಿರು ಹಿಡಿದು ಕೂರುವುದನ್ನೂ, ನೆರೆಯ ರಾಜ್ಯದೊಂದಿಗಿನ ವ್ಯಾಜ್ಯ ಬೀದಿಗೆ ಬರುವುದನ್ನೂ ಕಂಡವರಿಗೆ 124.80 ಎಂಬ ಅಂಕಿ ಬರಿಯ ಅಂಕಿಯಲ್ಲ. ರಟ್‌ಲೆಂಡಿನ ನೀರು ಹೋಗುವುದು ನಲ್ಲಿಗಳಿಗೆ. ಅದರ ಮಟ್ಟದ ಮೇಲೆ ಯಾರ ಬತ್ತದ ಗದ್ದೆಯೂ ನಿಂತಿಲ್ಲ. ಕೆಸರಿನ ಲೆಕ್ಕ ಇಡುವಷ್ಟು ಬಿಡುವು ಇವರಿಗೆ ಹೇಗೆ ಬಂತೆಂಬುದಕ್ಕೆ ಇದೂ ಒಂದು ವಿವರಣೆ.

ಆದರೆ ತುಂಬಿದ ಜಲಾಶಯವೇ ಹಕ್ಕಿಗಳಿಗೂ ಸಮೃದ್ಧಿ ಎಂದು ನಾವು ತಿಳಿದಿರುವುದು ಸರಿಯಲ್ಲ. ಗೊರವಗಳು ಬಂದಿಳಿಯುವ ಸೆಪ್ಟೆಂಬರಿನಲ್ಲಿ ಭಾರಿ ಜಲಾಶಯದ ಆಳನೀರಿನಿಂದ ಅವಕ್ಕೆ ಸಿಗುವುದು ಏನೂ ಇಲ್ಲ. ನಮ್ಮ ಜಲಾಶಯಗಳಿಗೆ ಅಂಚು ಬರುವುದು ಬೇಸಿಗೆಯಲ್ಲಿ, ಆಗ ಅದನ್ನು ಕಾಯುವ ಹಕ್ಕಿಗಳು ಬೇರೆ. ಭದ್ರಾ ಹಿನ್ನೀರಿನಲ್ಲಿ ನೀರು ಇಳಿದಂತೆ ತಲೆಯೆತ್ತುವ ಬರಡು ದ್ವೀಪಗಳ ಮೇಲೆ ನದಿ ರೀವಗಳು ನೂರಾರು ಸಂಖ್ಯೆಯಲ್ಲಿ, ನೆಲದ ಮೇಲೆಯೇ, ಗೂಡೆಂಬ ನೆಪಕ್ಕೆ ಸಣ್ಣ ಕುಳಿ ಮಾಡಿ ಮೊಟ್ಟೆಯಿಡುತ್ತವೆ. ದ್ವೀಪ ತಡವಾಗಿ ಎದ್ದರೆ ಅವುಗಳ ಕಾಲ ತಪ್ಪುತ್ತದೆ. ಮರಿಗಳು ಹಾರುವ ಮೊದಲೇ ನೀರು ಏರಿದರೆ ಆ ವರ್ಷದ ಸಂತಾನವೇ ಇಲ್ಲ. ಆಲಮಟ್ಟಿಯ ಹಿನ್ನೀರು ಸರಿದ ಬಯಲಿಗೆ ರಾಜಹಂಸಗಳು ಬರುವುದೂ ಆ ತೆಳು ನೀರಿಗಾಗಿಯೇ. ಇನ್ನು ರಂಗನತಿಟ್ಟಿನ ಕಷ್ಟ ಮತ್ತೊಂದು ಬಗೆಯದು. ಕನ್ನಂಬಾಡಿಯ ಕೆಳಗೆ ಇರುವ ಆ ತಿಟ್ಟುಗಳಲ್ಲಿ ಮುಂಗಾರಿನಲ್ಲಿ ಗೂಡು ಕಟ್ಟುವ ಹಕ್ಕಿಗಳಿವೆ. ಅಣೆಕಟ್ಟು ತುಂಬಿ ನಾವು ಸಂತೋಷಪಡುವ ಆ ದಿನವೇ ಗೇಟುಗಳು ತೆರೆದು, ತಿಟ್ಟಿನ ತಗ್ಗಿನ ಕೊಂಬೆಗಳ ಗೂಡುಗಳಿಗೆ ನೀರು ಮುಟ್ಟುತ್ತದೆ. ಪತ್ರಿಕೆಗಳಲ್ಲಿ ಆಗ ಬರುವ ಸುದ್ದಿಯ ತಲೆಬರಹ ದೋಣಿವಿಹಾರ ಸ್ಥಗಿತ ಎಂದಿರುತ್ತದೆ.

ಹಾಗಾದರೆ ನಮ್ಮಲ್ಲಿ ಶರತ್ಕಾಲದ ಹೊಸ್ತಿಲಲ್ಲಿ ಬರುವ ಗೊರವಗಳು ಎಲ್ಲಿಗೆ ಹೋಗುತ್ತವೆ? ಹಳೆಯ ಕೆರೆಗಳಿಗೆ ಮತ್ತು ಗದ್ದೆಗಳಿಗೆ. ನಮ್ಮ ಪೂರ್ವಿಕರು ಕಟ್ಟಿದ ಕೆರೆಯ ರಚನೆಯನ್ನು ಹಕ್ಕಿಯ ಕಣ್ಣಿನಿಂದ ನೋಡಿದರೆ ಅದರ ಚೆಲುವು ಇನ್ನೊಂದು ಬಗೆಯಾಗಿ ತೋರುತ್ತದೆ. ಏರಿಯ ಬಳಿ, ತೂಬಿನ ಬಾಯಲ್ಲಿ ಮಾತ್ರ ನೀರು ಆಳ. ಅಲ್ಲಿಂದ ಹಿಂದಕ್ಕೆ, ಹಳ್ಳ ಬಂದು ಸೇರುವ ಕಡೆಗೆ, ನೆಲ ಸ್ವಲ್ಪಸ್ವಲ್ಪವೇ ಏರುತ್ತ ಹೋಗಿ ನೀರು ಮೊಣಕಾಲಿಗೆ, ಪಾದಕ್ಕೆ, ಕೊನೆಗೆ ಬರಿ ತೇವಕ್ಕೆ ಇಳಿಯುತ್ತದೆ. ಕೆರೆ ಕೋಡಿ ಬಿದ್ದ ವರ್ಷವೂ ಆ ಹಿಂಬದಿಯಲ್ಲಿ ಎಲ್ಲೋ ಒಂದು ಕಡೆ ತೆಳು ನೀರು ಇದ್ದೇ ಇರುತ್ತದೆ. ಮಟ್ಟ ಏರಿದಂತೆ ಅಂಚು ಹಿಂದಕ್ಕೆ ಹೋಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಏರಿಯ ಮೇಲೆ ಬೈಕು ನಿಲ್ಲಿಸಿ ಆಳನೀರಿನ ನೀರುಕಾಗೆಗಳ ಫೋಟೊ ತೆಗೆದು ಹಿಂದಿರುಗುವವರಿಗೆ ಈ ಹಿಂಬದಿ ಕಾಣುವುದೇ ಇಲ್ಲ.

ರಟ್‌ಲೆಂಡಿನವರು ಹಣ ಖರ್ಚು ಮಾಡಿ ಕಟ್ಟಿಕೊಂಡದ್ದು ಇದನ್ನೇ. ಕಣಿವೆಯನ್ನು ಮುಳುಗಿಸುವ ಯೋಜನೆಯ ಜೊತೆಯಲ್ಲೇ ಪಶ್ಚಿಮದ ತುದಿಯನ್ನು ಹಕ್ಕಿಗಳಿಗೆಂದು ಮೀಸಲಿಟ್ಟು, ಅಲ್ಲಿ ಮಣ್ಣಿನ ಒಡ್ಡುಗಳನ್ನು ಹಾಕಿ, ಜಲಾಶಯದ ಏರಿಳಿತಕ್ಕೆ ಸಿಕ್ಕದ, ಲಗೂನು ಎಂದು ಕರೆಯುವ ತೆಳು ನೀರಿನ ಕೊಳಗಳನ್ನು ಮಾಡಿದರು. ಮುಂದೆ ಜಲಾಶಯದಿಂದ ಹೆಚ್ಚು ನೀರೆತ್ತುವ ಸಂದರ್ಭ ಬಂದಾಗ ಇನ್ನಷ್ಟು ಲಗೂನುಗಳು ಸೇರಿದವು. ಗೊರವಗಳು ಬರುವ ಹೊತ್ತಿಗೆ ಒಂದರಲ್ಲಿ ನೀರು ತಗ್ಗಿಸಿ ಕೆಸರು ತೋರಿಸುವುದು, ಬಾತುಗಳ ಕಾಲಕ್ಕೆ ಮತ್ತೆ ತುಂಬಿಸುವುದು ಅಲ್ಲಿನ ಸಿಬ್ಬಂದಿಯ ಮತ್ತು ಸ್ವಯಂಸೇವಕರ ಕೆಲಸ. ಹಾಗೆಂದು ಎಲ್ಲ ಇಂಗ್ಲಿಷ್ ಜಲಾಶಯಗಳೂ ಹೀಗಿವೆ ಎಂದು ತಿಳಿಯಬಾರದು. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಪಕ್ಕದ ಸ್ಟೇನ್ಸ್ ಜಲಾಶಯಗಳು 1902ರವು. ಸುತ್ತಲೂ ಗಟ್ಟಿ ಇಳಿಜಾರಿನ ಕಟ್ಟೆ, ಎರಡು ತೊಟ್ಟಿಗಳ ನಡುವೆ ಒಂದು ದಾರಿ, ತಲೆಯ ಮೇಲೆ ವಿಮಾನಗಳು, ಅವುಗಳಲ್ಲಿ ಬೆಂಗಳೂರಿನದೂ ಇದ್ದೀತು. ಮಾಮೂಲಿ ದಿನಗಳಲ್ಲಿ ಗೊರವಗಳಿಗೆ ಅಲ್ಲಿ ಕಾಲಿಡಲು ನೆಲವಿಲ್ಲ. ದುರಸ್ತಿಗೆಂದು ಒಂದು ತೊಟ್ಟಿಯನ್ನು ಖಾಲಿ ಮಾಡಿದ ವರ್ಷ ಮಾತ್ರ ಅವು ಗುಂಪಾಗಿ ಬಂದು ಇಳಿಯುತ್ತವೆ. ಅಂಚು ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ನನ್ನ ಅಸಮಾಧಾನವಿರುವುದು ಇಲ್ಲಿಯೇ. ಇವರು ತೊಟ್ಟಿಯಿಂದ ಕೆರೆಯ ಕಡೆಗೆ ಬರಲು ಹೆಣಗುತ್ತಿರುವಾಗ, ನಾವು ಕೆರೆಯನ್ನು ತೊಟ್ಟಿ ಮಾಡಲು ಹಣ ಸುರಿಯುತ್ತಿದ್ದೇವೆ. ಬೆಂಗಳೂರಿನಲ್ಲಿ ಅಭಿವೃದ್ಧಿಯ ಹೆಸರಿನಲ್ಲಿ ಹಲವು ಕೆರೆಗಳಿಗೆ ಆದದ್ದು ಏನು? ಅಂಗಳವನ್ನು ಎಲ್ಲ ಕಡೆ ಒಂದೇ ಆಳಕ್ಕೆ ಅಗೆದು, ಸುತ್ತಲೂ ಕಡಿದಾದ ದಡ ಎಬ್ಬಿಸಿ ಕಲ್ಲು ಹೊದಿಸಿ, ಮೇಲೆ ನಡಿಗೆಯ ಹಾದಿ ಹಾಕಿ, ದೀಪದ ಕಂಬ ನೆಟ್ಟು, ನಡುವೆ ಒಂದು ದ್ವೀಪ ಬಿಟ್ಟರೆ ಕೆಲಸ ಮುಗಿಯಿತು. ಬೆಳಗಿನ ನಡಿಗೆಗೆ ಅದು ಅನುಕೂಲವೇ. ಆಳದಲ್ಲಿ ಮುಳುಗಿ ಮೀನು ಹಿಡಿಯುವ ನೀರುಕಾಗೆಗೂ, ದ್ವೀಪದ ಮರಗಳಲ್ಲಿ ಕೂರುವ ಬಕಗಳಿಗೂ ತೊಂದರೆಯಿಲ್ಲ. ಗೊರವ, ಮೆಟ್ಟುಗಾಲು, ಸಿಪಿಲೆಗಳಿಗೆ ಮಾತ್ರ ಅಲ್ಲಿ ಜಾಗವೇ ಉಳಿಯುವುದಿಲ್ಲ. ಹಳ್ಳಿಯ ಕೆರೆಗಳಲ್ಲಿ ಹೂಳೆತ್ತುವಾಗಲೂ ಹಿಂಬದಿಯ ತೆಳು ಭಾಗವನ್ನೇ ಮೊದಲು ಅಗೆಯುತ್ತಾರೆ, ಏಕೆಂದರೆ ಲಾರಿ ಅಥವಾ ಟ್ರಾಕ್ಟರ್ ಇಳಿಯಲು ಅಲ್ಲಿ ಸುಲಭ, ಮಣ್ಣೂ ಫಲವತ್ತಾದದ್ದು. ಏರಿಯ ಕಡೆಯಿಂದ ಹೂಳು ತೆಗೆದು ಹಿಂಬದಿಯ ಇಳಿಜಾರನ್ನು ಹಾಗೆಯೇ ಉಳಿಸಿದರೆ ನೀರಿನ ಸಂಗ್ರಹಕ್ಕೂ ದೊಡ್ಡ ನಷ್ಟವಾಗದು, ಹಕ್ಕಿಗೂ ಅಂಚು ಉಳಿಯುತ್ತದೆ. ಟೆಂಡರಿನಲ್ಲಿ ಒಂದು ಸಾಲು ಸೇರಿಸುವಷ್ಟು ಕೆಲಸ ಇದು.

ಅಂದ ಹಾಗೆ, ಮನುಷ್ಯ ಕಟ್ಟಿದ ನೀರು ಹಕ್ಕಿಗೆ ಎರಡನೆಯ ದರ್ಜೆಯದು ಎಂಬ ಭಾವನೆಯನ್ನೂ ಬಿಡಬೇಕು. ರಟ್‌ಲೆಂಡ್ ವಾಟರ್ ರಾಮ್ಸರ್ ತಾಣ, ಅಂದರೆ ಜೌಗು ನೆಲಗಳ ಒಪ್ಪಂದದ ಅಡಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ್ದೆಂದು ಗುರುತಿಸಿದ ನೀರು. ಕರ್ನಾಟಕದ ರಾಮ್ಸರ್ ತಾಣಗಳಲ್ಲಿ 2022ರಲ್ಲಿ ಸೇರಿದ ರಂಗನತಿಟ್ಟಿನ ತಿಟ್ಟುಗಳು ಕಾವೇರಿಗೆ ಅರಸರ ಕಾಲದಲ್ಲಿ ಹಾಕಿದ ಕಟ್ಟೆಯಿಂದ ಉಂಟಾದವು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು. 2024ರಲ್ಲಿ ಸೇರಿದ ಮೂರರಲ್ಲಿ ಅಘನಾಶಿನಿಯ ಅಳಿವೆ ನಿಸರ್ಗದ್ದು; ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ಎರಡೂ ಊರಿನವರ ನೀರಾವರಿಯ ಕೆರೆಗಳು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಮಾಗಡಿಯಲ್ಲಿ ಇಳಿಯುತ್ತವೆ, ಸುತ್ತಲ ಹೊಲಗಳಲ್ಲಿ ಮೇಯುತ್ತವೆ.

ಇನ್ನು, ಬೆಳ್ಳಕ್ಕಿಯ ಇಸವಿಯ ಬಗ್ಗೆ ನನಗೆ ಈಗ ನಗು ಬರದಿರುವ ಕಾರಣ. ಬ್ರಿಟನ್ನಿನಲ್ಲಿ ನೀರುಹಕ್ಕಿಗಳ ಎಣಿಕೆ 1947ರಿಂದ ನಡೆದುಬಂದಿದೆ. ಸಾವಿರಾರು ಸ್ವಯಂಸೇವಕರು, ತಮಗೆ ಗೊತ್ತುಮಾಡಿದ ಅದೇ ನೀರಿಗೆ, ತಿಂಗಳಿಗೊಮ್ಮೆ ಹೋಗಿ, ನಾಮದ ಕೋಳಿಯಿಂದ ಹಿಡಿದು ಎಲ್ಲವನ್ನೂ ಎಣಿಸಿ ಬರೆದಿಡುತ್ತಾರೆ. ಅಪರೂಪದ ಹಕ್ಕಿಯ ಹಿಂದೆ ಊರೂರು ಅಲೆಯುವವರು ಇಲ್ಲಿಯೂ ಉಂಟು, ಅವರ ಗದ್ದಲ ಹೆಚ್ಚು. ಆದರೆ ಇಲ್ಲಿನ ಪಕ್ಷಿ ವೀಕ್ಷಣೆಯ ತಿರುಳು ಈ ತಿಂಗಳ ಎಣಿಕೆಯಲ್ಲಿದೆ ಎಂದು ನಾನು ನಂಬಿದ್ದೇನೆ. ಚಳಿಗಾಲಕ್ಕೆ ಬರುವ ಪೋಚಾರ್ಡ್ ಬಾತುಗಳು ಬ್ರಿಟನ್ನಿನಲ್ಲಿ ತೀವ್ರವಾಗಿ ಕಡಿಮೆಯಾಗಿವೆ ಎಂಬುದು ತಿಳಿದದ್ದು ಯಾರೋ ಪರಿಣತರ ಅನಿಸಿಕೆಯಿಂದಲ್ಲ, ಚಳಿಯಲ್ಲಿ ನಿಂತು ಗೆರೆ ಎಳೆದ ಈ ಹವ್ಯಾಸಿಗಳ ಪಟ್ಟಿಗಳಿಂದ. ನಮ್ಮಲ್ಲಿ 1987ರಿಂದ ಏಷ್ಯದ ನೀರುಹಕ್ಕಿ ಗಣತಿ ನಡೆಯುತ್ತಿದೆ, ಅದರಲ್ಲಿ ದುಡಿಯುವ ಹವ್ಯಾಸಿಗಳು ಕರ್ನಾಟಕದಲ್ಲೂ ಇದ್ದಾರೆ. ಆದರೆ ಅದು ಜನವರಿಯ ಗಣತಿ. ಬಾತುಗಳಿಗೆ, ಹೆಬ್ಬಾತುಗಳಿಗೆ ಜನವರಿ ಸರಿಯಾದ ತಿಂಗಳು. ಸೆಪ್ಟೆಂಬರಿನಲ್ಲಿ ಗದ್ದೆಯಂಚಿಗೆ ಇಳಿದು ಮುಂದೆ ಹೋಗುವ ಗೊರವ, ಏಪ್ರಿಲಿನಲ್ಲಿ ದ್ವೀಪದ ಮೇಲೆ ಮೊಟ್ಟೆಯಿಡುವ ರೀವ ಆ ಪಟ್ಟಿಗೆ ಸಿಗುವುದು ಹೇಗೆ?

ಊರಿನ ಏರಿಯ ಮೇಲೆ ಸಿಗುವ ತಿಳಿವಳಿಕೆ ಕಾಗದಕ್ಕೆ ಇಳಿಯದೆ ಹೋಗುತ್ತಿರುವುದು ಇದರಷ್ಟೇ ದೊಡ್ಡ ನಷ್ಟ. ನೀರುಗಂಟಿ ಹೇಳಿದ “ಆ ವರ್ಷ ಬರಲಿಲ್ಲ” ಎಂಬ ಮಾತಿಗೆ ಇಸವಿ ಇಲ್ಲದಿರುವುದರಿಂದ ಅದನ್ನು ಯಾವ ಇಲಾಖೆಯ ಮುಂದೆ ಇಟ್ಟರೂ ಗಾಳಿಮಾತಾಗುತ್ತದೆ. ಭದ್ರಾದ ರೀವಗಳಿಗಾಗಿ ಬೇಸಿಗೆಯ ಎರಡು ತಿಂಗಳು ನೀರಿನ ಮಟ್ಟವನ್ನು ನೋಡಿಕೊಂಡು ನಿರ್ವಹಿಸಿ ಎಂದು ನೀರಾವರಿಯವರನ್ನು ಕೇಳಬೇಕಾದರೂ, ಒಂದು ಕೆರೆಯ ಹಿಂಬದಿಯನ್ನು ಅಗೆಯಬೇಡಿ ಎಂದು ಪಂಚಾಯಿತಿಯನ್ನು ಕೇಳಬೇಕಾದರೂ, ಕೈಯಲ್ಲಿ ವರ್ಷವರ್ಷದ ಅಂಕಿ ಇರಬೇಕು. ಅಂಕಿಗೆ ಅಂಕಿಯೇ ಉತ್ತರ ಎಂಬುದನ್ನು ಜಲಾಶಯದ ಕೋಷ್ಟಕ ಓದುವ ನಮಗೆ ಬೇರೆ ಹೇಳಿಕೊಡಬೇಕಿಲ್ಲ.

ಆದ್ದರಿಂದ ಊರಿನಲ್ಲಿರುವ ಹಕ್ಕಿಪ್ರಿಯ ಮಿತ್ರರಿಗೆ ನಾನು ಹೇಳುವುದು ಇಷ್ಟು. ಗೌರಿ ಹಬ್ಬದ ಆಚೀಚೆ ಅಣೆಕಟ್ಟೆಯ ಕಡೆ ಹೋಗಬೇಡಿ. ಅಲ್ಲಿ ಜನವೇ ಹೆಚ್ಚು. ನಿಮ್ಮೂರಿನ ಕೆರೆಯ ಹಿಂಬದಿಗೆ, ಹಳ್ಳ ಬಂದು ಸೇರುವ ಜಾಗಕ್ಕೆ ಹೋಗಿ, ಜೊತೆಗೆ ಅಲ್ಲಿ ದನ ಮೇಯಿಸುವವರಲ್ಲಿ ಯಾರಾದರೊಬ್ಬರನ್ನು ಕರೆದುಕೊಳ್ಳಿ. ದುರ್ಬೀನು ಸಾಕು, ಉದ್ದ ಲೆನ್ಸಿನ ಕ್ಯಾಮೆರಾ ಬೇಡ. ಹಸಿರು ಗದ್ದೆಗೊರವ ಮತ್ತು ಸಾಮಾನ್ಯ ಗದ್ದೆಗೊರವ ಆಗಲೇ ಬಂದಿರುತ್ತವೆ, ಅಡವಿ ಗದ್ದೆಗೊರವಗಳ ಮೊದಲ ಗುಂಪುಗಳೂ ಇರಬಹುದು, ತಿಂಗಳ ಕೊನೆಗೆ ಸಿಪಿಲೆಗಳು. ಎಷ್ಟು ಕಂಡಿರಿ, ಯಾವ ದಿನ, ನೀರು ಯಾವ ಗುರುತಿನ ತನಕ ಇತ್ತು ಎಂಬ ಮೂರು ವಿಷಯಗಳನ್ನು ಬರೆದಿಡಿ, ಅಕ್ಟೋಬರಿನಲ್ಲಿ ಅದೇ ಜಾಗಕ್ಕೆ ಮತ್ತೆ ಹೋಗಿ.